ಸಹಪಾಠಿಯಿಂದ ಗೆಳೆಯನವರೆಗೆ: ಮಲೆನಾಡಿನ ಹೊಸ ವಿದ್ಯಾರ್ಥಿಯೂ ಕನ್ನಡದ ಸ್ನೇಹಕೂಟಗಳೂ

ಸಾಹಿತ್ಯ ಚರಿತ್ರೆಗಳು ಕವಿಯ ಕಾಲ, ಸ್ಥಳ, ಮತ, ಗುರು, ಆಶ್ರಯದಾತ, ಕೃತಿ ಎಂಬ ಕ್ರಮದಲ್ಲಿ ನಡೆಯುತ್ತವೆ. ಈ ಕ್ರಮದಲ್ಲಿ ಗೆಳೆಯನಿಗೆ ಸ್ಥಾನವಿಲ್ಲ. ಕವಿಯ ಗುರು ಯಾರೆಂಬುದನ್ನು ನಿರ್ಣಯಿಸಲು ಪುಟಗಟ್ಟಲೆ ಚರ್ಚೆ ನಡೆದಿರುವ ಕಡೆಯಲ್ಲಿಯೂ, ಅವನ ಪಕ್ಕದಲ್ಲಿ ಕುಳಿತು ಓದಿದವರು ಯಾರು, ಅವನ ಮೊದಲ ರಚನೆಯನ್ನು ಕೇಳಿದವರು ಯಾರು ಎಂಬ ಪ್ರಶ್ನೆ ಏಳುವುದಿಲ್ಲ. ಆಧುನಿಕ ಕನ್ನಡ ಸಾಹಿತ್ಯದ ಮಟ್ಟಿಗಾದರೂ ಈ ಪ್ರಶ್ನೆಯನ್ನು ಬಿಟ್ಟರೆ ಚರಿತ್ರೆ ಪೂರ್ಣವಾಗದು. ನವೋದಯದಿಂದ ದಲಿತ ಸಾಹಿತ್ಯದವರೆಗಿನ ಚಳವಳಿಗಳ ಬೇರನ್ನು ಹುಡುಕಿ ಹೊರಟರೆ, ನಾವು ಮತ್ತೆ ಮತ್ತೆ ತಲುಪುವುದು ಯಾವುದೋ ಕಾಲೇಜಿನ ಪಡಸಾಲೆಯನ್ನು, ಹಾಸ್ಟೆಲಿನ ಕೊಠಡಿಯನ್ನು ಅಥವಾ ಕಾಫಿ ಹೌಸಿನ ಮೇಜನ್ನು.

ಪ್ರಸ್ತುತ ಲೇಖನದ ವಿಷಯ ಇದು: ಊರು ಬಿಟ್ಟು ಕಾಲೇಜಿಗೆ ಬಂದ ಹೊಸ ವಿದ್ಯಾರ್ಥಿಗೆ ಸ್ನೇಹ ಹೇಗೆ ದೊರೆಯುತ್ತಿತ್ತು? ಸ್ನೇಹವನ್ನು ನಾವು ಸಾಮಾನ್ಯವಾಗಿ ಸ್ವಭಾವದ ಮಾತೆಂದು ತಿಳಿಯುತ್ತೇವೆ. ಮಾತುಗಾರನಿಗೆ ಗೆಳೆಯರು ಬೇಗ ಸಿಗುತ್ತಾರೆ, ಮೌನಿಗೆ ಸಿಗುವುದಿಲ್ಲ ಎನ್ನುತ್ತೇವೆ. ಕರ್ನಾಟಕದ ಉಚ್ಚ ಶಿಕ್ಷಣದ ಚರಿತ್ರೆ ಹೇಳುವುದು ಬೇರೆ. ಊಟ, ವಸತಿ ಮತ್ತು ಕೂಡಿ ಮಾಡುವ ಕೆಲಸ ಎಂಬ ಮೂರು ವ್ಯವಸ್ಥೆಗಳು ಹೊಸಬನ ಸ್ನೇಹದ ಎಲ್ಲೆಯನ್ನು ನಿರ್ಧರಿಸಿವೆ. ಮೊದಲ ಎರಡು ಅವನನ್ನು ತನ್ನವರ ನಡುವೆ ನಿಲ್ಲಿಸಿದವು. ಮೂರನೆಯದು ದೊರೆತಾಗ ಮಾತ್ರ ಅವನು ತನ್ನವರಲ್ಲದವರ ಗೆಳೆಯನಾದನು. ಈ ಮಾತನ್ನು ಮುಖ್ಯವಾಗಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮತ್ತು ಅವುಗಳಿಗೆ ಹೊಂದಿಕೊಂಡ ತೀರ್ಥಹಳ್ಳಿಯ ಸೀಮೆಯಿಂದ ಹೊರಟವರ ಉದಾಹರಣೆಗಳ ಮೂಲಕ ಪರಿಶೀಲಿಸಬಹುದು.

ಪ್ರಾಚೀನರಲ್ಲಿ ಸಹಾಧ್ಯಾಯಿ

ವಿದ್ಯೆಗಾಗಿ ದೂರದ ಊರಿಗೆ ಹೋದ ಕನ್ನಡ ನಾಡಿನ ತರುಣರಲ್ಲಿ ಮೊದಲು ನೆನಪಾಗುವವನು ಮಯೂರಶರ್ಮ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದ ಪ್ರಕಾರ ಅವನು ಗುರು ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರೈಸಲು ಪಲ್ಲವರ ಕಂಚಿಯ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ನಡೆದ ಕಲಹ ಅವನ ಕೈಗೆ ದರ್ಭೆಯ ಬದಲು ಕತ್ತಿಯನ್ನು ಕೊಟ್ಟಿತು. ಕದಂಬ ರಾಜ್ಯ ಹುಟ್ಟಿತು. ಶಾಸನ ಕವಿ ಕುಬ್ಜನು ಗುರುವನ್ನು ಹೆಸರಿಸುತ್ತಾನೆ, ಕಲಹವನ್ನು ವರ್ಣಿಸುತ್ತಾನೆ. ಘಟಿಕೆಯ ಸಹಾಧ್ಯಾಯಿಗಳ ಪ್ರಸ್ತಾಪವಿಲ್ಲ. ರಾಜವಂಶದ ಮೂಲವನ್ನು ಹೇಳುವ ಪ್ರಶಸ್ತಿಯಲ್ಲಿ ಅದನ್ನು ನಿರೀಕ್ಷಿಸುವಂತೆಯೂ ಇಲ್ಲ. ಆದರೆ ಹೊಸ ವಿದ್ಯಾರ್ಥಿ ಪರಸ್ಥಳದಲ್ಲಿ ಅನುಭವಿಸಿದ ಅವಮಾನ ಇಷ್ಟು ದೊಡ್ಡ ಪರಿಣಾಮವನ್ನು ಪಡೆದ ಇನ್ನೊಂದು ದಾಖಲೆ ನಮ್ಮಲ್ಲಿ ದುರ್ಲಭ.

ಐದು ಶತಮಾನಗಳ ಅನಂತರದ ರನ್ನನದು ಬೇರೆಯ ಬಗೆ. 949ರಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ಈತನಿಗೆ ವಿದ್ಯೆ ಕುಲಕ್ರಮಾಗತವಾದುದಲ್ಲ. ಗಂಗರ ನಾಡಿನತ್ತ ಬಂದು ಅಜಿತಸೇನಾಚಾರ್ಯರ ಶಿಷ್ಯನಾದನು. ಚಾವುಂಡರಾಯನ ಆಶ್ರಯವನ್ನೂ ಮುಂದೆ ಅತ್ತಿಮಬ್ಬೆಯ ಪೋಷಣೆಯನ್ನೂ ಪಡೆದನು. 993ರಲ್ಲಿ ಅಜಿತಪುರಾಣವನ್ನು ಮುಗಿಸುವ ಹೊತ್ತಿಗೆ ಅವನಿಗೆ ತಂದೆತಾಯಿಗಳಷ್ಟೇ ಗುರುವೂ ಪೋಷಕರೂ ಸ್ಮರಣೀಯರಾಗಿದ್ದರು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟದ್ದು ಈ ಕೃತಜ್ಞತೆಯ ಇನ್ನೊಂದು ಮುಖ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿನ ಕವಿರತ್ನನ ಹೆಸರು ಇವನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಎರಡು ನಿದರ್ಶನಗಳಲ್ಲಿಯೂ ಹೊಸಬನ ಸಂಬಂಧ ಮೇಲ್ಮುಖವಾದುದು. ಅವನನ್ನು ಹೊಸ ಊರಿಗೆ ಸೇರಿಸಿಕೊಂಡವರು ಗುರು ಮತ್ತು ಪ್ರಭು. ಸಮಾನರ ಸ್ನೇಹ ಇರಲಿಲ್ಲವೆಂದಲ್ಲ. ಅದು ದಾಖಲೆಗೆ ಅರ್ಹವಾದ ಸಂಬಂಧವೆಂದು ಯಾರಿಗೂ ತೋರಲಿಲ್ಲ. ಸಮಾನರ ಸ್ನೇಹ ಬರಹಕ್ಕೆ ಇಳಿಯುವುದು, ಸಮಾನ ವಯಸ್ಸಿನ ನೂರಾರು ತರುಣರನ್ನು ಒಂದು ತರಗತಿಯಲ್ಲಿ ಕೂರಿಸಿ ಒಂದೇ ಪರೀಕ್ಷೆಗೆ ಸಿದ್ಧಪಡಿಸುವ ಆಧುನಿಕ ಕಾಲೇಜು ಬಂದ ಮೇಲೆ.

ವಾರಾನ್ನದ ಏಳು ಮನೆಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳು ಇಂಗ್ಲಿಷ್ ವಿದ್ಯೆಯ ಕೇಂದ್ರಗಳಾಗಿ ಬೆಳೆದಾಗ, ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಯ ಮೊದಲ ಸಮಸ್ಯೆ ಪಾಠವಾಗಿರಲಿಲ್ಲ, ಊಟವಾಗಿತ್ತು. ಅದಕ್ಕೆ ಸಮಾಜ ಕಂಡುಕೊಂಡ ಪರಿಹಾರ ವಾರಾನ್ನ. ಸೋಮವಾರಕ್ಕೆ ಒಂದು ಮನೆ, ಮಂಗಳವಾರಕ್ಕೆ ಇನ್ನೊಂದು ಎಂಬಂತೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ವಿದ್ಯಾರ್ಥಿ ಓದು ಮುಗಿಸುತ್ತಿದ್ದನು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ.

ಸ್ನೇಹದ ದೃಷ್ಟಿಯಿಂದ ವಾರಾನ್ನಕ್ಕೆ ಎರಡು ಮುಖಗಳಿವೆ. ಅದು ಅಪರಿಚಿತ ಹುಡುಗನಿಗೆ ಅಪರಿಚಿತ ಊರಿನಲ್ಲಿ ಏಳು ಹೊಸ್ತಿಲುಗಳನ್ನು ತೆರೆಯಿತು. ಆ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುವುದು, ಯಜಮಾನನ ಶಿಫಾರಸಿನಿಂದ ಮುಂದೆ ಕೆಲಸ ದೊರೆಯುವುದು, ಕೆಲವೊಮ್ಮೆ ಆ ಮನೆಯ ಅಳಿಯನೇ ಆಗುವುದು ಇವೆಲ್ಲ ಆ ಕಾಲದಲ್ಲಿ ಅಪರೂಪವಲ್ಲ. ಆದರೆ ಪಂಕ್ತಿಯ ನಿಯಮವನ್ನು ಮೀರುವಂತಿರಲಿಲ್ಲ. ಉಣ್ಣುವವನೂ ಬಡಿಸುವವರೂ ಒಂದೇ ಜಾತಿಗೆ, ಅನೇಕ ವೇಳೆ ಒಂದೇ ಉಪಪಂಗಡಕ್ಕೆ ಸೇರಿರಬೇಕಾಗಿತ್ತು. ಇದರಿಂದ ಪಟ್ಟಣದಲ್ಲಿ ತಮ್ಮವರ ಮನೆಗಳೇ ಇಲ್ಲದ ಸಮುದಾಯಗಳ ಹುಡುಗರಿಗೆ ವಾರಾನ್ನ ಇಲ್ಲ. ವಾರಾನ್ನವಿಲ್ಲದವನಿಗೆ ಕಾಲೇಜೂ ಇಲ್ಲ. ವಾರಾನ್ನ ಉಂಡವನು ಆತ್ಮಗೌರವದ ಒಂದು ಪಾಲನ್ನು ದಿನದಿನವೂ ತೆರಬೇಕಾಗಿತ್ತೆಂಬುದು ನಿಜ. ಆ ಪಾಲನ್ನು ತೆರುವ ಅವಕಾಶವೂ ಇಲ್ಲದವರು ಬಹುಸಂಖ್ಯಾತರಾಗಿದ್ದರು ಎಂಬುದೂ ಅಷ್ಟೇ ನಿಜ.

ಸಮುದಾಯದ ಛತ್ರಗಳು

ಈ ಕೊರತೆಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು ಕೊಟ್ಟ ಉತ್ತರ ಸಮುದಾಯದ ವಿದ್ಯಾರ್ಥಿನಿಲಯ. ಮೈಸೂರು ಸಂಸ್ಥಾನದಲ್ಲಿ 1906ರ ಒಕ್ಕಲಿಗರ ಸಂಘವೂ ಅದೇ ಕಾಲದ ವೀರಶೈವ ಸಂಸ್ಥೆಗಳೂ ವಿದ್ಯಾರ್ಥಿನಿಲಯಗಳನ್ನು ತಮ್ಮ ಮುಖ್ಯ ಕಾರ್ಯವೆಂದು ಭಾವಿಸಿದವು. ಬ್ರಾಹ್ಮಣೇತರರ ಶಿಕ್ಷಣ ಮತ್ತು ಉದ್ಯೋಗವನ್ನು ಕುರಿತ ಮಿಲ್ಲರ್ ಸಮಿತಿ 1918ರಲ್ಲಿ ನೇಮಕವಾದುದರ ಹಿಂದೆ ಈ ಜಾಗೃತಿಯಿದೆ. ಗಡಿಯಾಚೆಯ ಕೊಲ್ಹಾಪುರದಲ್ಲಿ ಛತ್ರಪತಿ ಶಾಹೂ ಮಹಾರಾಜರು 1901ರಿಂದ ಆರಂಭಿಸಿ ಮರಾಠ, ಜೈನ, ಮುಸ್ಲಿಂ, ಲಿಂಗಾಯತ ಮೊದಲಾದ ಸಮುದಾಯಗಳಿಗೆ ಪ್ರತ್ಯೇಕ ವಿದ್ಯಾರ್ಥಿನಿಲಯಗಳು ಏಳುವಂತೆ ಮಾಡಿದರು. ಕೊಲ್ಹಾಪುರ ಬೆಳಗಾವಿ ಸೀಮೆಯ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತ ಸ್ಥಳವಾಗಿರಲಿಲ್ಲ. ಅಲ್ಲಿಯ ರಾಜಾರಾಮ್ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರ ಮತ್ತು ಆ. ನೇ. ಉಪಾಧ್ಯೆಯವರಂಥ ಕನ್ನಡಿಗ ವಿದ್ವಾಂಸರು ಅಧ್ಯಾಪಕರಾಗಿದ್ದರು.

ಈ ನಿಲಯಗಳು ಹೊಸ ವಿದ್ಯಾರ್ಥಿಗೆ ಮಾಡಿದ ಉಪಕಾರ ಸಣ್ಣದಲ್ಲ. ವಾರಾನ್ನದ ಹುಡುಗ ಒಬ್ಬಂಟಿಯಾಗಿ ಒಂದೊಂದು ಮನೆಯ ಮುಂದೆ ನಿಲ್ಲಬೇಕಾಗಿತ್ತು. ನಿಲಯದ ಹುಡುಗ ಐವತ್ತು ಜನರೊಡನೆ ಸಾಲಿನಲ್ಲಿ ಕುಳಿತು ಉಂಡನು. ಅನ್ನಕ್ಕಾಗಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ತನ್ನ ಊರಿನ ಮಾತಿನ ಧಾಟಿಗೆ ಯಾರೂ ನಗದ ಸ್ಥಳ ಅದೊಂದೇ ಆಗಿತ್ತು. ಆದರೆ ಸಮುದಾಯದ ನಿಲಯ ಸಮುದಾಯದ ಬೇಲಿಯೂ ಆಯಿತು. ಇದಕ್ಕೆ ಭಾವುರಾವ್ ಪಾಟೀಲರ ಪ್ರಸಂಗಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿದ ಭಾವುರಾವ್ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಆರಂಭವಾದಾಗ ಆ ಸಮಾರಂಭಕ್ಕೆ ಹೋಗಿಬಂದರು. ಒಳಗೆ ಬರುವ ಮೊದಲು ಸ್ನಾನ ಮಾಡಿ ಶುದ್ಧನಾಗಬೇಕೆಂಬ ಆದೇಶವನ್ನು ಅವರು ಒಪ್ಪಲಿಲ್ಲ, ನಿಲಯವನ್ನು ಬಿಡಬೇಕಾಯಿತು. ಅಹಿಂಸೆಯನ್ನೂ ಸರ್ವಜೀವ ಮೈತ್ರಿಯನ್ನೂ ನಿತ್ಯ ಪಠಿಸುವ ಸಮಾಜದ ನಿಲಯದಲ್ಲಿಯೇ ಇದು ನಡೆಯಿತೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಆ ನಿಲಯವನ್ನು ಬಿಟ್ಟು ಹೊರಬಂದವರೂ ಅದೇ ಸಮಾಜದ ತರುಣ. 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಅಡುಗೆ ಮಾಡಿ, ಕೂಡಿ ಉಂಡು, ಕೂಡಿ ದುಡಿಯುವ ವಿದ್ಯಾರ್ಥಿನಿಲಯವನ್ನು ತೆರೆದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿಕೊಟ್ಟರು. ಸಾತಾರದ ನಿಲಯದಲ್ಲಿ ಹುಡುಗರಿಗೆ ಸೌಹಾರ್ದದ ಉಪದೇಶ ಮಾಡುವುದಕ್ಕೆ ಮೊದಲು ಒಂದೇ ಒಲೆಯ ಕೆಲಸವನ್ನು ವಹಿಸಲಾಗಿತ್ತು ಎಂಬುದನ್ನು ಗಮನಿಸಬೇಕು.

ಒಂಟಿಮನೆಯಿಂದ ಮೈಸೂರಿಗೆ

ಈ ಹಿನ್ನೆಲೆಯಲ್ಲಿ ಮಲೆನಾಡಿನ ವಿದ್ಯಾರ್ಥಿಯ ಸ್ಥಿತಿಯನ್ನು ನೋಡಬೇಕು. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ಸೇರಿಸಿ ನಿಂತಿಲ್ಲ. ಕೊಪ್ಪ ತಾಲ್ಲೂಕಿನ ಭಂಡಿಗಡಿಯಾಗಲಿ ಅದರ ಆಸುಪಾಸಿನ ಹಳ್ಳಿಗಳಾಗಲಿ, ಗದ್ದೆಯ ಬಯಲು, ಅಡಕೆಯ ತೋಟ, ಕಾಡುಗಳ ನಡುವೆ ಚದುರಿದ ಮನೆಗಳ ಊರುಗಳು. ಇಲ್ಲಿ ಬೆಳೆದ ಮಗುವಿಗೆ ಮನೆಯವರು, ನೆಂಟರು, ಒಕ್ಕಲಿನವರು, ಆಳುಗಳು ಗೊತ್ತು. ಇವರೆಲ್ಲರೊಡನೆ ಅವನ ಸಂಬಂಧ ಹುಟ್ಟುವ ಮೊದಲೇ ನಿಶ್ಚಿತವಾಗಿರುತ್ತದೆ. ಯಾವ ಸಂಬಂಧವೂ ಇಲ್ಲದ ಸಮವಯಸ್ಕನನ್ನು ಆರಿಸಿಕೊಂಡು ಗೆಳೆಯನಾಗಿಸಿಕೊಳ್ಳುವ ಪ್ರಸಂಗವೇ ಅಪರೂಪ. ಆದುದರಿಂದ ಕಾಲೇಜು ಅವನಿಗೆ ದೂರದ ಊರಾಗಿದ್ದಷ್ಟೇ ಹೊಸ ಬಗೆಯ ಸಮಾಜವೂ ಆಗಿತ್ತು.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮೈಸೂರಿನಲ್ಲಿ ಓದುವ ಹೂವಯ್ಯ, ರಾಮಯ್ಯ ಇಬ್ಬರೂ ದಾಯಾದಿ ಸಹೋದರರು ಎಂಬುದು ಆಕಸ್ಮಿಕವಲ್ಲ. ಮಲೆನಾಡಿನ ಹುಡುಗ ಓದಲು ಹೋಗುವಾಗ ನೆಂಟಸ್ತಿಕೆಯನ್ನು ಜೊತೆಗೇ ಒಯ್ಯುತ್ತಿದ್ದನು. ಹಳ್ಳಿಯಿಂದ ಶಿವಮೊಗ್ಗದವರೆಗೆ ಗಾಡಿ ಅಥವಾ ಮೋಟಾರು, ಅಲ್ಲಿಂದ ಬೀರೂರು, ಅರಸೀಕೆರೆಗಳ ಮೂಲಕ ರೈಲು. ಹೀಗೆ ಹೋಗಿ ಸೇರಿದ ಊರಿನಲ್ಲಿ ಅವನ ಕೊಠಡಿಯ ಸಂಗಾತಿಗಳೂ ಘಟ್ಟದ ಕಡೆಯ ಪರಿಚಿತ ಮನೆತನಗಳ ಹುಡುಗರೇ ಆಗಿರುತ್ತಿದ್ದರು.

ಕುವೆಂಪು ಅವರ ಜೀವನವೇ ಇದಕ್ಕೆ ಆಧಾರ. 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದ ಅವರು ಕುಪ್ಪಳಿಯಲ್ಲಿ ಬೆಳೆದು, ತೀರ್ಥಹಳ್ಳಿಯಲ್ಲಿ ಓದಿ, ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನೂ ಅನಂತರ ಮಹಾರಾಜಾ ಕಾಲೇಜನ್ನೂ ಸೇರಿದರು. ‘ನೆನಪಿನ ದೋಣಿಯಲ್ಲಿ’ ಎಂಬ ಅವರ ಆತ್ಮಕಥೆಯನ್ನು ಸ್ನೇಹದ ದಾಖಲೆಯಾಗಿ ಓದಿದರೆ ಮೂರು ವಲಯಗಳು ಕಾಣುತ್ತವೆ.

ಮೊದಲನೆಯದು ಮಲೆನಾಡಿನ ಗೆಳೆಯರ ವಲಯ. ದೇವಂಗಿ ಮನೆತನದ ಮಾನಪ್ಪನವರಂಥ ಒಡನಾಡಿಗಳು ಇದಕ್ಕೆ ಸೇರಿದವರು. ಬಾಡಿಗೆಯ ಕೊಠಡಿ, ರಜೆಯಲ್ಲಿ ಒಟ್ಟಿಗೆ ಊರಿಗೆ ಪಯಣ, ಕಾಡು, ಬೇಟೆ, ಕವಿತೆಯ ಓದು ಇವು ಈ ಸ್ನೇಹದ ಸಾಮಗ್ರಿ. 1937ರಲ್ಲಿ ಕುವೆಂಪು ಅವರು ದೇವಂಗಿ ಮನೆತನದ ಹೇಮಾವತಿಯವರನ್ನು ವರಿಸಿದರು. ಹೀಗೆ ಸ್ನೇಹ ಮರಳಿ ನೆಂಟಸ್ತಿಕೆಯಾಯಿತು. ಈ ವಲಯ ಗಾಢವಾದುದು, ಆದರೆ ಒಂದೇ ಸೀಮೆಯದು, ಬಹುಮಟ್ಟಿಗೆ ಒಂದೇ ಸಮುದಾಯದ್ದು.

ಎರಡನೆಯದು ಆಶ್ರಮದ ವಲಯ. ಮೈಸೂರಿನ ಶ್ರೀರಾಮಕೃಷ್ಣಾಶ್ರಮ 1925ರಲ್ಲಿ ಆರಂಭವಾಯಿತು. ಮರುವರ್ಷ ಬಾಡಿಗೆ ಕೊಠಡಿಯಲ್ಲಿ ತೀವ್ರ ಜ್ವರದಿಂದ ಮಲಗಿದ್ದ ಕುವೆಂಪು ಅವರನ್ನು ಸ್ವಾಮಿ ಸಿದ್ಧೇಶ್ವರಾನಂದರು ಆಸ್ಪತ್ರೆಗೆ ಸೇರಿಸಿ, ಗುಣವಾದ ಮೇಲೆ ಆಶ್ರಮಕ್ಕೆ ಕರೆದೊಯ್ದರು. ಸುಮಾರು ಹತ್ತು ವರ್ಷ ಅದೇ ಅವರ ಮನೆಯಾಯಿತು. ಸಿದ್ಧೇಶ್ವರಾನಂದರು ಕೇರಳದವರು, ಮುಂದೆ ಫ್ರಾನ್ಸಿಗೆ ತೆರಳಿ ಅಲ್ಲಿ ವೇದಾಂತ ಕೇಂದ್ರವನ್ನು ಸ್ಥಾಪಿಸಿದವರು. ಕುಪ್ಪಳಿಯ ಹುಡುಗನಿಗೂ ಅವರಿಗೂ ಭಾಷೆ, ಜಾತಿ, ಸೀಮೆಗಳಲ್ಲಿ ಯಾವ ಸಾಮಾನ್ಯಾಂಶವೂ ಇರಲಿಲ್ಲ. ಪರಸ್ಥಳದಲ್ಲಿ ಕಾಯಿಲೆ ಬಿದ್ದ ವಿದ್ಯಾರ್ಥಿಯ ಒಂಟಿತನಕ್ಕೆ ಒದಗಿದ ಈ ಕೈ ಕನ್ನಡ ಸಾಹಿತ್ಯದ ದಿಕ್ಕಿನ ಮೇಲೆ ಪ್ರಭಾವ ಬೀರಿತೆಂದರೆ ಉತ್ಪ್ರೇಕ್ಷೆಯಲ್ಲ.

ಮೂರನೆಯದು ಕೂಡಿ ಮಾಡುವ ಕೆಲಸದ ವಲಯ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ತರಗತಿಯ ಮೊದಲ ತಂಡದಲ್ಲಿ ಕುವೆಂಪು ಮತ್ತು ಡಿ. ಎಲ್. ನರಸಿಂಹಾಚಾರ್ ಸಹಪಾಠಿಗಳಾದರು. ಒಬ್ಬರು ಮಲೆನಾಡಿನ ಒಕ್ಕಲಿಗ ಮನೆತನದ ಕವಿ, ಇನ್ನೊಬ್ಬರು ಶ್ರೀವೈಷ್ಣವ ಮನೆತನದ, ಹಳಗನ್ನಡ ಗ್ರಂಥಸಂಪಾದನೆಗೆ ಹೆಸರಾಗಲಿದ್ದ ಪಂಡಿತರು. ವಾರಾನ್ನದ ಪಂಕ್ತಿಯಲ್ಲಿ ಇವರು ಎಂದೂ ಜೊತೆಯಾಗಿ ಕೂಡಲು ಸಾಧ್ಯವಿರಲಿಲ್ಲ. ಪಂಪನನ್ನೂ ರನ್ನನನ್ನೂ ಎದುರಿಗಿಟ್ಟುಕೊಂಡು ಕೂಡುವುದು ಸಾಧ್ಯವಾಯಿತು. ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರು ಶಿಷ್ಯರನ್ನು ಗೆಳೆಯರಂತೆ ಕಂಡವರು. ‘ಶ್ರೀ ರಾಮಾಯಣ ದರ್ಶನಂ’ ಅವರಿಗೆ ಅರ್ಪಿತವಾಗಿದೆ. ರನ್ನನ ಕಾಲದ ಮೇಲ್ಮುಖ ಸಂಬಂಧ ಇಲ್ಲಿ ಅಳಿಯಲಿಲ್ಲ, ಆದರೆ ಅದರ ಪಕ್ಕದಲ್ಲಿ ಸಮಾನರ ಸಂಬಂಧವೂ ನಿಂತಿತು.

ಸಂಘ, ಪತ್ರಿಕೆ, ಗುಂಪು

ಸಹಪಾಠಿಯನ್ನು ಗೆಳೆಯನನ್ನಾಗಿಸುವ ಕೆಲಸವನ್ನು ಆ ಕಾಲದಲ್ಲಿ ವಹಿಸಿಕೊಂಡದ್ದು ಕನ್ನಡ ಸಂಘಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿದರು. ಇಂಗ್ಲಿಷಿನಲ್ಲಿ ಬರೆಯುವುದೇ ಪ್ರತಿಷ್ಠೆಯಾಗಿದ್ದ ಕಾಲವದು. ಕುವೆಂಪು ಅವರ ಮೊದಲ ಪ್ರಕಟಿತ ಕೃತಿಯೂ ಇಂಗ್ಲಿಷ್ ಕವನಗಳ ಪುಸ್ತಿಕೆಯೇ. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಮಾತೃಭಾಷೆಯಲ್ಲಿ ಬರೆಯಲು ಸೂಚಿಸಿದ ಕಥೆ ಪ್ರಸಿದ್ಧ. ಆದರೆ ಸೂಚನೆ ಸಾಲದು. ಕನ್ನಡದಲ್ಲಿ ಬರೆದುದನ್ನು ಕೇಳುವ ಸಮವಯಸ್ಕರು ಬೇಕು, ಅಚ್ಚುಮಾಡುವ ಪತ್ರಿಕೆ ಬೇಕು. ಸಂಘಗಳು ಒದಗಿಸಿದ್ದು ಇದನ್ನು. ಒಂದು ಸಂಚಿಕೆ ಹೊರಬರಬೇಕಾದರೆ ಲೇಖನ ತರಿಸುವವನು, ಕರಡು ತಿದ್ದುವವನು, ಚಂದಾ ಎತ್ತುವವನು, ವಿಳಾಸ ಬರೆಯುವವನು ಎಲ್ಲರೂ ಬೇಕು. ಮಾತುಬಾರದ ಹುಡುಗನಿಗೂ ಅಲ್ಲಿ ಒಂದು ಕೆಲಸವಿತ್ತು, ಆ ಕೆಲಸದ ಮೂಲಕ ಒಂದು ಸ್ಥಾನವಿತ್ತು. ವೆಂಕಣ್ಣಯ್ಯ ಮತ್ತು ಕೃಷ್ಣಶಾಸ್ತ್ರಿಗಳನ್ನು ಕನ್ನಡದ ಅಶ್ವಿನೀದೇವತೆಗಳೆಂದು ಕರೆಯುವ ರೂಢಿ, ವಿದ್ವತ್ತಿನಷ್ಟೇ ಜೊತೆಗಾರಿಕೆಯನ್ನೂ ಆ ಪೀಳಿಗೆ ಗೌರವಿಸಿತೆಂಬುದಕ್ಕೆ ಸಾಕ್ಷಿ.

ಧಾರವಾಡದಲ್ಲಿ ಇದೇ ಪ್ರಕ್ರಿಯೆ ಕಾಲೇಜಿನ ಹೊರಗೆ ನಡೆಯಿತು. 1922ರ ಸುಮಾರಿಗೆ ಬೇಂದ್ರೆಯವರ ಸುತ್ತ ರೂಪುಗೊಂಡ ಕೂಟ ತನ್ನನ್ನು ಸಂಘವೆಂದೋ ಪರಿಷತ್ತೆಂದೋ ಕರೆದುಕೊಳ್ಳದೆ ‘ಗೆಳೆಯರ ಗುಂಪು’ ಎಂದು ಕರೆದುಕೊಂಡಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ವಿ. ಕೃ. ಗೋಕಾಕ ಮೊದಲಾದವರು ಇದರೊಡನೆ ಬೆಳೆದರು. ಸವಣೂರಿನಿಂದ ಕರ್ನಾಟಕ ಕಾಲೇಜಿಗೆ ಓದಲು ಬಂದ ತರುಣ ಗೋಕಾಕರಿಗೆ ತರಗತಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸಿತು. ಕನ್ನಡ ಕವಿಯಾಗುವುದನ್ನು ಕಲಿಸಿದ್ದು ಈ ಗುಂಪು. ವಿಜಯಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಕಾಲೇಜಿನ ನೆರಳೂ ಇಲ್ಲದ ಹಳ್ಳಿಯಲ್ಲಿ ಜನಪದ ಗೀತೆಗಳ ಸಂಗ್ರಹದ ಕೆಲಸದ ಮೂಲಕ ‘ಹಲಸಂಗಿ ಗೆಳೆಯರು’ ಎನಿಸಿಕೊಂಡರು. ಸ್ನೇಹಕ್ಕೆ ಕಟ್ಟಡಕ್ಕಿಂತ ಕೂಡಿ ಮಾಡುವ ಕೆಲಸ ಮುಖ್ಯವೆಂಬುದನ್ನು ಈ ನಾಲ್ವರ ನಿದರ್ಶನ ಸ್ಥಾಪಿಸುತ್ತದೆ.

ಮುಂದಿನ ಪೀಳಿಗೆಯಲ್ಲಿ ಸ್ಥಳ ಬದಲಾಯಿತು, ಕ್ರಮ ಬದಲಾಗಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು ಮೈಸೂರಿಗೆ ಬಂದಾಗ ಗೋಪಾಲಕೃಷ್ಣ ಅಡಿಗರು ಅಲ್ಲಿ ಅಧ್ಯಾಪಕರಾಗಿದ್ದರು. ಕಾಫಿ ಹೌಸಿನ ಮೇಜಿನ ಸುತ್ತಣ ವಾದಗಳು ನವ್ಯದ ಪಾಠಶಾಲೆಯಾದವು. ಪೂರ್ಣಚಂದ್ರ ತೇಜಸ್ವಿಯವರಿಗೆ ಕಡಿದಾಳು ಶಾಮಣ್ಣನವರೊಡನೆ ಇದ್ದ ಸ್ನೇಹ ‘ಅಣ್ಣನ ನೆನಪು’ ಓದಿದವರಿಗೆ ಪರಿಚಿತ. ಮೈಸೂರಿನ ವಿದ್ಯಾರ್ಥಿ ದಿನಗಳ ಆ ಒಡನಾಟ ಮುಂದೆ ರೈತ ಚಳವಳಿಯವರೆಗೂ ಚಾಚಿತು.

ಹೊರಗುಳಿದವರು

ಈ ವೃತ್ತಾಂತವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಏಕಪಕ್ಷೀಯವಾಗುತ್ತದೆ. ಕಾಫಿ ಹೌಸಿನ ಮೇಜಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಬಡತನ, ಹಸಿವು, ತಮಾಷೆ, ಭಾಷಣ ಎಲ್ಲವೂ ಕೂಡಿದ ದಲಿತ ವಿದ್ಯಾರ್ಥಿಗಳ ಲೋಕ ತೆರೆದುಕೊಳ್ಳುತ್ತದೆ. ಸಮುದಾಯದ ನಿಲಯ ಬೇಲಿಯಾಯಿತೆಂದು ಮೇಲೆ ಹೇಳಿದೆ. ದಲಿತ ವಿದ್ಯಾರ್ಥಿಯ ವಿಷಯದಲ್ಲಿ ಆ ಬೇಲಿಯೇ ಕೋಟೆಯೂ ಆಗಿತ್ತು. 1973ರ ಬೂಸಾ ಪ್ರಕರಣದಲ್ಲಿ ಕಾಲೇಜಿನ ಸಹಪಾಠಿಗಳೇ ಜಾತಿಯ ಗೆರೆಯ ಉದ್ದಕ್ಕೂ ಇಬ್ಭಾಗವಾಗಿ ಎದುರುಬದುರು ನಿಂತಾಗ, ಹಾಸ್ಟೆಲಿನ ಸ್ನೇಹವೇ ಅವರಿಗಿದ್ದ ರಕ್ಷಣೆ. ಅದೇ ಕಾಲದಲ್ಲಿ ಸಿದ್ಧಲಿಂಗಯ್ಯನವರಿಗೂ ದೊಡ್ಡಬಳ್ಳಾಪುರದ ನೇಕಾರ ಕುಟುಂಬದ ಡಿ. ಆರ್. ನಾಗರಾಜರಿಗೂ ವಿದ್ಯಾರ್ಥಿ ದೆಸೆಯಲ್ಲಿ ಬೆಳೆದ ಗೆಳೆತನವು ಬೇಲಿಯನ್ನು ದಾಟಿತು. ಚರ್ಚಾಸ್ಪರ್ಧೆ, ಓದು, ಚಳವಳಿ ಇವು ಅವರ ಕೂಡು ಕೆಲಸ. ಒಬ್ಬರು ಬಂಡಾಯದ ಕವಿಯಾಗಿ, ಇನ್ನೊಬ್ಬರು ಅದನ್ನು ವಿವರಿಸುವ ವಿಮರ್ಶಕರಾಗಿ ಬೆಳೆದುದು ಈ ಸ್ನೇಹದ ನೆರಳಿನಲ್ಲಿ.

ಇನ್ನೂ ಹೆಚ್ಚಿನ ಮೌನವಿರುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಮೇಲೆ ಹೆಸರಿಸಿದ ಕೂಟಗಳೆಲ್ಲ ಗಂಡಸರವು. ಕೊಠಡಿ ಬಾಡಿಗೆ ಹಿಡಿಯುವುದು, ಸಂಜೆ ಸಭೆಗೆ ಕೂರುವುದು, ರಾತ್ರಿ ಹರಟೆಯಲ್ಲಿ ಉಳಿಯುವುದು ಹೆಣ್ಣಿಗೆ ಸಾಧ್ಯವಿರಲಿಲ್ಲ. ನರಸಿಂಹರಾಜಪುರದಲ್ಲಿ ಬೆಳೆದ ಎಂ. ಕೆ. ಇಂದಿರಾ ಅವರ ಬಾಳು ಇದಕ್ಕೆ ಕನ್ನಡಿ. 1917ರಲ್ಲಿ ಹುಟ್ಟಿದ ಅವರ ಶಾಲೆಯ ಓದು ಹನ್ನೆರಡರ ವಯಸ್ಸಿನ ಸುಮಾರಿಗೆ ಮದುವೆಯೊಂದಿಗೆ ಮುಗಿಯಿತು. ಕಾಲೇಜಿನ ಮೆಟ್ಟಿಲನ್ನು ಹತ್ತದ ಅವರಿಗೆ ಮಂಡ್ಯದಲ್ಲಿ ತ್ರಿವೇಣಿಯವರ ಸ್ನೇಹ ದೊರೆಯಿತು. ತ್ರಿವೇಣಿ ಮೈಸೂರಿನ ಮಹಾರಾಜಾ ಕಾಲೇಜಿನ ಪದವೀಧರೆ, ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಕಿರಿಯರು, ಆಗಲೇ ಹೆಸರಾದ ಕಾದಂಬರಿಕಾರ್ತಿ. ಆ ಗೆಳತಿಯ ಪ್ರೋತ್ಸಾಹದಿಂದ ನಲವತ್ತೈದರ ಆಸುಪಾಸಿನಲ್ಲಿ ಬರೆಯತೊಡಗಿದ ಇಂದಿರಾ 1963ರಲ್ಲಿ ‘ತುಂಗಭದ್ರಾ’ವನ್ನೂ 1976ರಲ್ಲಿ ಮಲೆನಾಡಿನ ಬಾಲವಿಧವೆಯ ಬದುಕಿನ ‘ಫಣಿಯಮ್ಮ’ವನ್ನೂ ಕೊಟ್ಟರು. ಕುವೆಂಪು ಅವರಿಗೆ ಇಪ್ಪತ್ತರ ಹರಯದಲ್ಲಿ ಮೈಸೂರು ಕೊಟ್ಟುದನ್ನು ಅದೇ ಸೀಮೆಯ ಹೆಣ್ಣುಮಗಳು ಪಡೆಯಲು ಇನ್ನೂ ಇಪ್ಪತ್ತೈದು ವರ್ಷ ಕಾಯಬೇಕಾಯಿತು. ದೊರೆಯದೆ ಹೋದವರ ಹೆಸರುಗಳನ್ನು ಚರಿತ್ರೆ ಬರೆದಿಡುವುದಿಲ್ಲ.

ಕೊನೆಯ ಬಸ್ಸು

ಇಂದು ಮಲೆನಾಡಿನ ವಿದ್ಯಾರ್ಥಿ ಪದವಿಗಾಗಿ ಮೈಸೂರಿಗೇ ಹೋಗಬೇಕಾಗಿಲ್ಲ. ಕೊಪ್ಪ, ಶೃಂಗೇರಿಗಳಲ್ಲಿ ಕಾಲೇಜುಗಳಿವೆ, ಹೆಣ್ಣುಮಕ್ಕಳೂ ಓದುತ್ತಿದ್ದಾರೆ. ವಾರಾನ್ನ ಮರೆತ ಪದವಾಗಿದೆ. ಆದರೆ ಹತ್ತಿರದ ಕಾಲೇಜು ಹೊಸದೊಂದು ಪ್ರಶ್ನೆಯನ್ನು ತಂದಿದೆ. ಮನೆಯಿಂದಲೇ ದಿನವೂ ಬಂದುಹೋಗುವ ವಿದ್ಯಾರ್ಥಿಗೆ ಊಟವೂ ವಸತಿಯೂ ಸಮಸ್ಯೆಯಲ್ಲ, ಸಮಯವೇ ಸಮಸ್ಯೆ. ಸಂಘದ ಸಭೆ, ನಾಟಕದ ಅಭ್ಯಾಸ, ಗ್ರಂಥಾಲಯದ ಓದು ಇವೆಲ್ಲ ತರಗತಿ ಮುಗಿದ ಮೇಲಿನ ಕೆಲಸಗಳು. ಊರಿನ ಕಡೆಗೆ ಹೋಗುವ ಕೊನೆಯ ಬಸ್ಸು ಅದಕ್ಕೆ ಕಾಯುವುದಿಲ್ಲ.

ಆದುದರಿಂದ ಈ ಸೀಮೆಯ ವಿದ್ಯಾರ್ಥಿ ಸ್ನೇಹದ ಚರಿತ್ರೆಯಲ್ಲಿ ಬಸ್ಸಿಗೂ ಒಂದು ಅಧ್ಯಾಯ ಸಲ್ಲಬೇಕು. 1991ರಲ್ಲಿ ಖಾಸಗಿ ಸಾರಿಗೆ ಕಂಪನಿಯೊಂದರ ಕಾರ್ಮಿಕರು ತಾವೇ ಸಹಕಾರ ಸಂಘ ಕಟ್ಟಿಕೊಂಡು ಕೊಪ್ಪದಲ್ಲಿ ಆರಂಭಿಸಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕಗಳ ಕಾಲ ಒಳಹಳ್ಳಿಗಳಿಗೆ ಬಸ್ಸು ಓಡಿಸಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ಹತ್ತಿ, ನೋಟ್ಸು ಬದಲಾಯಿಸಿಕೊಂಡು, ಒಬ್ಬರ ಚೀಲವನ್ನು ಇನ್ನೊಬ್ಬರು ಮಡಿಲಲ್ಲಿಟ್ಟುಕೊಂಡು ಸಾಗುವ ಪಯಣದಲ್ಲಿ ಒಂಟಿಮನೆಗಳ ಮಕ್ಕಳು ಪರಸ್ಪರ ಪರಿಚಿತರಾಗುತ್ತಿದ್ದರು. ಬಸ್ಸಿನ ಸೀಟು ಪಂಕ್ತಿಭೇದವನ್ನು ಅರಿಯದು. 2020ರಲ್ಲಿ ಆ ಸಂಸ್ಥೆ ನಿಂತುಹೋದಾಗ ಅದನ್ನು ಸಾರಿಗೆಯ ನಷ್ಟವೆಂದಷ್ಟೇ ಲೆಕ್ಕ ಹಾಕಿದರೆ ಸಾಲದು.

ಹೊಸ ವಿದ್ಯಾರ್ಥಿಗೆ ಸ್ನೇಹ ಬೆಳೆಸಿಕೋ ಎಂದು ಬುದ್ಧಿ ಹೇಳುವುದು ಸುಲಭ. ಈ ಚರಿತ್ರೆ ಬುದ್ಧಿ ಹೇಳುವುದು ಅವನಿಗಲ್ಲ, ಅವನನ್ನು ಸೇರಿಸಿಕೊಳ್ಳುವ ಸಂಸ್ಥೆಗಳಿಗೆ. ತರಗತಿಯ ಅವಧಿಯೊಳಗೇ ಒಂದು ಗಂಟೆಯನ್ನು ಭಿತ್ತಿಪತ್ರಿಕೆಗೋ ಊರಿನ ಶಾಸನ, ವೀರಗಲ್ಲುಗಳ ಪಟ್ಟಿ ಮಾಡುವುದಕ್ಕೋ ಮೀಸಲಿಟ್ಟು, ಬೇರೆ ಬೇರೆ ಕೇರಿಗಳ ನಾಲ್ವರಿಗೆ ಒಂದೇ ಕೆಲಸವನ್ನು ವಹಿಸಿದರೆ, ಉಳಿದುದನ್ನು ಅವರೇ ಮಾಡಿಕೊಳ್ಳುತ್ತಾರೆ. ಸಂಶೋಧನ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಹಳೆಯ ಕಾಲೇಜು ಸಂಚಿಕೆಗಳ ಸಂಪಾದಕ ಮಂಡಲಿಗಳು, ಕೃತಿಗಳ ಅರ್ಪಣೆಯ ಪುಟಗಳು, ಹಾಸ್ಟೆಲುಗಳ ದಾಖಲೆ ಪುಸ್ತಕಗಳು, ಗೆಳೆಯರ ಪತ್ರಗಳು ಇವನ್ನು ಕ್ರಮವಾಗಿ ಸಂಗ್ರಹಿಸಿದರೆ, ಗುರುಪರಂಪರೆಯ ಪಕ್ಕದಲ್ಲಿ ಕನ್ನಡದ ಗೆಳೆಯರ ಪರಂಪರೆಯನ್ನೂ ಬರೆಯಬಹುದು. ಅದರಲ್ಲಿ ಯಾರ ಹೆಸರಿಲ್ಲವೆಂಬುದನ್ನು ಗುರುತಿಸುವುದೂ ಆ ಬರವಣಿಗೆಯ ಭಾಗವಾಗಬೇಕು.